ಬ್ರೇಕಿನಲ್ಲಿ ಸುಡುವ ಪೆಟ್ರೋಲು

ಕಾರನ್ನಾಗಲಿ ಸ್ಕೂಟರನ್ನಾಗಲಿ ಕೊಳ್ಳಹೊರಟವರು ನಮ್ಮಲ್ಲಿ ಮೊಟ್ಟಮೊದಲು ಕೇಳುವ ಪ್ರಶ್ನೆ "ಮೈಲೇಜ್ ಎಷ್ಟು ಕೊಡುತ್ತದೆ?" ಎಂಬುದು. ಮೈಲಿ ಹೋಗಿ ಕಿಲೋಮೀಟರು ಬಂದು ಅರುವತ್ತು ವರ್ಷಗಳಾದುವು; ಮೈಲೇಜ್ ಮಾತ್ರ ಹೋಗಲಿಲ್ಲ. ಆ ಪ್ರಶ್ನೆಯಲ್ಲಿರುವ ಕ್ರಿಯಾಪದವನ್ನು ವಾಚಕರು ಗಮನಿಸಬೇಕು. ಹಸು ಹಾಲು ಕೊಡುವಂತೆ ವಾಹನವು ಮೈಲೇಜನ್ನು ಕೊಡುತ್ತದೆ. ಕಡಮೆ ಕೊಟ್ಟರೆ ತಪ್ಪು ವಾಹನದ್ದು, ಅದನ್ನು ತಯಾರಿಸಿದ ಕಾರ್ಖಾನೆಯದು, ಅದೂ ಅಲ್ಲವಾದರೆ ಪೆಟ್ರೋಲು ಬಂಕಿನವರದು. ಓಡಿಸುವವನ ಬಲಗಾಲಿಗೂ ಈ ಲೆಕ್ಕಕ್ಕೂ ಇರುವ ಸಂಬಂಧದ ಮಾತನ್ನು ಯಾರೂ ಎತ್ತುವುದಿಲ್ಲ. ಆ ಸಂಬಂಧ ಬಹಳ ದೊಡ್ಡದೆಂದೂ, ಅದನ್ನು ತಿಳಿಯಲು ಪದವಿಪೂರ್ವ ತರಗತಿಯ ಭೌತವಿಜ್ಞಾನವೇ ಸಾಕೆಂದೂ, ಹೀಗಿದ್ದರೂ ಅದಕ್ಕೆ ಚಾಲನಾ ಪರೀಕ್ಷೆಯಲ್ಲಿ ಸ್ಥಾನವಿಲ್ಲದಿರುವುದು ಸರಿಯಲ್ಲವೆಂದೂ ನಮ್ಮ ಅಭಿಪ್ರಾಯ.

ಜಾಹೀರಾತಿನಲ್ಲಿ ಕಾಣುವ ಅಂಕಿ ಬರಿಯ ಸುಳ್ಳೆಂದು ಹೇಳುವವರುಂಟು. ಅದು ಸುಳ್ಳಲ್ಲ, ಆದರೆ ರಸ್ತೆಯ ಅಂಕಿಯೂ ಅಲ್ಲ. ಪರೀಕ್ಷಾಶಾಲೆಯಲ್ಲಿ ಕಾರಿನ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ಯಾವ ಸೆಕೆಂಡಿನಲ್ಲಿ ಎಷ್ಟು ವೇಗವಿರಬೇಕೆಂದು ಮೊದಲೇ ಗೊತ್ತುಮಾಡಿದ ರೇಖೆಯೊಂದನ್ನು ಅನುಸರಿಸಿ ನುರಿತ ಚಾಲಕನು ಓಡಿಸಿದಾಗ ಬರುವ ಫಲ ಅದು. ನಮ್ಮ ದೇಶದಲ್ಲಿ ಬಹುಕಾಲ ಬಳಕೆಯಲ್ಲಿದ್ದ ರೇಖೆಯಲ್ಲಿ ವೇಗೋತ್ಕರ್ಷ ಬಹು ಸೌಮ್ಯ; ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರು. ಅಡ್ಡಬರುವ ಎಮ್ಮೆಯಿಲ್ಲ, ಎಡದಿಂದ ನುಗ್ಗುವ ಆಟೋರಿಕ್ಷಾ ಇಲ್ಲ. ಎಲ್ಲ ಕಾರುಗಳಿಗೂ ಒಂದೇ ರೇಖೆಯಾದುದರಿಂದ ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಲು ಅಂಕಿ ಉಪಯುಕ್ತವೇ. ಚಾಲಕನ ಸ್ವಭಾವವೆಂಬ ಅಂಶವನ್ನು ಉದ್ದೇಶಪೂರ್ವಕವಾಗಿ ಅಳಿಸಿಹಾಕಿ ಪಡೆದ ಅಂಕಿ ಅದೆಂಬುದನ್ನು ಮಾತ್ರ ನಾವು ಮರೆಯಬಾರದು.

ಈಗ ಕೊಂಚ ಲೆಕ್ಕ. ಲೆಕ್ಕವೆಂದೊಡನೆ ಪುಟ ಮಗುಚುವ ವಾಚಕರು ದಯವಿಟ್ಟು ತಾಳ್ಮೆ ವಹಿಸಬೇಕು. ಒಂದು ಲೀಟರು ಪೆಟ್ರೋಲನ್ನು ಉರಿಸಿದರೆ ಸುಮಾರು 3.2 ಕೋಟಿ ಜೌಲ್ ಶಾಖ ದೊರೆಯುತ್ತದೆ. ಅದರ ಬಹುಭಾಗ ರೇಡಿಯೇಟರಿನ ಮೂಲಕವೂ ಹೊಗೆಕೊಳವೆಯ ಮೂಲಕವೂ ಹೊರಕ್ಕೆ ಹೋಗಿಬಿಡುತ್ತದೆ. ಚಕ್ರವನ್ನು ಮುಟ್ಟುವುದು ಕಾಲುಭಾಗವೆಂದು ಉದಾರವಾಗಿ ಎಣಿಸೋಣ. ಹೊರಕ್ಕೆ ಹೋದ ಮುಕ್ಕಾಲು ಭಾಗದ ಚಿಂತೆ ಇಂಜಿನಿಯರುಗಳದು. ಚಕ್ರಕ್ಕೆ ಬಂದ ಕಾಲುಭಾಗ ಸಮತಟ್ಟಾದ ರಸ್ತೆಯಲ್ಲಿ ಮೂರು ಕಡೆ ಖರ್ಚಾಗುತ್ತದೆ: ಟೈರು ಉರುಳುವಾಗಿನ ಘರ್ಷಣೆಗೆ, ಗಾಳಿಯನ್ನು ಸೀಳುವುದಕ್ಕೆ, ಬ್ರೇಕಿಗೆ. ಮೊದಲಿನ ಎರಡೂ ಊರಿಂದೂರಿಗೆ ಹೋಗಲು ನಾವು ತೆರಲೇಬೇಕಾದ ಸುಂಕ. ಮೂರನೆಯದು ಹಾಗಲ್ಲ. ಬ್ರೇಕು ವೇಗವನ್ನು ಅಳಿಸುತ್ತದೆ. ಆ ವೇಗವನ್ನು ಪೆಟ್ರೋಲು ಕೊಟ್ಟು ಕೊಂಡವರು ನಾವೇ.

ಒಂದು ಸಾವಿರ ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿಲೋಮೀಟರು, ಎಂದರೆ ಸೆಕೆಂಡಿಗೆ 16.7 ಮೀಟರು ವೇಗದಲ್ಲಿದೆ ಎನ್ನೋಣ. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ ಸುಮಾರು 1.39 ಲಕ್ಷ ಜೌಲ್. ಬ್ರೇಕು ಒತ್ತಿ ಕಾರನ್ನು ನಿಲ್ಲಿಸಿದಾಗ ಇಷ್ಟೂ ಶಾಖವಾಗಿ ಗಾಳಿಗೆ ಸೇರುತ್ತದೆ. ಮತ್ತೆ ಅದೇ ವೇಗಕ್ಕೆ ಬರಬೇಕಾದರೆ ಅದರ ನಾಲ್ಕರಷ್ಟು ಶಕ್ತಿಯುಳ್ಳ ಪೆಟ್ರೋಲನ್ನು ಉರಿಸಬೇಕು. ಅದು ಸುಮಾರು 17 ಮಿಲಿಲೀಟರು. ಒಂದು ದೊಡ್ಡ ಚಮಚದಷ್ಟು ತಾನೆ ಎಂದು ತಾತ್ಸಾರ ಮಾಡಬಾರದು. ಲೀಟರಿಗೆ 18 ಕಿಲೋಮೀಟರು ಓಡುವ ಕಾರಿಗೆ ಅದು 300 ಮೀಟರು ಹಾದಿಯ ಇಂಧನ. ಇನ್ನು ಸೂತ್ರದಲ್ಲಿರುವುದು ವೇಗವಲ್ಲ, ವೇಗದ ವರ್ಗ. ಆದಕಾರಣ 40 ಕಿಲೋಮೀಟರು ವೇಗದಿಂದ ನಿಂತರೆ ಹೋಗುವುದು 8 ಮಿಲಿಲೀಟರು ಮಾತ್ರ. 80ರಿಂದ ನಿಂತರೆ 31. ಕಾಲೇಜಿಗೆ ಸ್ಕೂಟರಿನಲ್ಲಿ ಬರುವ ವಿದ್ಯಾರ್ಥಿಮಿತ್ರರು ತಮ್ಮ ತೂಕವನ್ನೂ ಸ್ಕೂಟರಿನ ತೂಕವನ್ನೂ ಕೂಡಿಸಿ 180 ಕಿಲೋಗ್ರಾಂ ಎಂದು ಹಿಡಿದು, 50 ಕಿಲೋಮೀಟರು ವೇಗಕ್ಕೆ ಇದೇ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಉತ್ತರ ಎರಡು ಮಿಲಿಲೀಟರಿನ ಆಸುಪಾಸಿನಲ್ಲಿ ಬರಬೇಕು.

ಮುಂದೆ 300 ಮೀಟರು ದೂರದಲ್ಲಿ ಕೆಂಪು ದೀಪ ಕಾಣುತ್ತಿದೆ. ಒಬ್ಬ ಚಾಲಕನು ದೀಪದ ಬುಡದವರೆಗೂ ಆಕ್ಸಿಲರೇಟರನ್ನು ಒತ್ತಿಕೊಂಡೇ ಹೋಗಿ ಅಲ್ಲಿ ಗಕ್ಕನೆ ನಿಲ್ಲುತ್ತಾನೆ. ಇನ್ನೊಬ್ಬನು ದೀಪ ಕಂಡಕೂಡಲೆ ಕಾಲನ್ನು ಮೇಲೆತ್ತಿ, ಕಾರು ತನ್ನಲ್ಲಿದ್ದ ಚಲನಶಕ್ತಿಯಿಂದಲೇ ಮುಂದುವರಿಯಲು ಬಿಡುತ್ತಾನೆ. ಮೊದಲನೆಯವನು ಬೇಗ ಬಂದನೆಂದು ದೀಪವೇನೂ ಬೇಗ ಹಸಿರಾಗುವುದಿಲ್ಲ. ಎರಡನೆಯವನು ತಲಪುವ ಹೊತ್ತಿಗೆ ಎಷ್ಟೋ ಸಲ ಅದು ಹಸಿರಾಗಿಯೇ ಇರುತ್ತದೆ. ಅವನು ನಿಲ್ಲುವ ಪ್ರಮೇಯವೇ ಬರದೆ, ನಿಂತು ಹೊರಡುತ್ತಿರುವ ಮೊದಲನೆಯವನನ್ನು ದಾಟಿಯೂ ಹೋಗಬಹುದು.

ಇಂಧನದ ಮಿತವ್ಯಯವೆಂದರೆ ಎತ್ತಿನಗಾಡಿಯಂತೆ ನಿಧಾನವಾಗಿ ಹೊರಡುವುದೆಂಬ ಭಾವನೆ ಬಹಳ ಜನರಲ್ಲಿದೆ. ಇದನ್ನು ನಾವು ಒಪ್ಪುವುದಿಲ್ಲ. ಪೆಟ್ರೋಲು ಇಂಜಿನು ಅರೆಮುಚ್ಚಿದ ಬಾಗಿಲಿನಿಂದ ಗಾಳಿಯನ್ನು ಎಳೆದುಕೊಳ್ಳುತ್ತಿರುವಾಗ ಆ ಎಳೆತಕ್ಕೇ ಒಂದಿಷ್ಟು ಶಕ್ತಿಯನ್ನು ಕಳೆಯುತ್ತದೆ; ಸುತ್ತುಗಳು ಹೆಚ್ಚಿದಷ್ಟೂ ಒಳಗಿನ ಘರ್ಷಣೆಯೂ ಹೆಚ್ಚು. ಆದುದರಿಂದ ಸಾಧಾರಣ ಚುರುಕಿನಿಂದಲೇ ಹೊರಟು, ಇಂಜಿನು ನಡುಗದಿರುವಷ್ಟು ಮಟ್ಟಿಗೆ ಬೇಗಬೇಗನೆ ಮೇಲಿನ ಗೇರಿಗೆ ಹೋಗುವುದೇ ಲಾಭಕರ. ಎರಡನೆಯ ಗೇರಿನಲ್ಲಿ ಇಂಜಿನನ್ನು ಅರಚಿಸುತ್ತ ಅರ್ಧ ಮೈಲಿ ಹೋಗುವವನು ನಿಧಾನವಾಗಿ ಹೋಗುತ್ತಿದ್ದರೂ ದುಂದುಗಾರನೇ. ಚುರುಕಾಗಿ ಗಳಿಸಿದ ವೇಗವನ್ನು ಮುಂದಿನ ಐವತ್ತು ಮೀಟರಿನಲ್ಲಿ ಬ್ರೇಕಿಗೆ ಒಪ್ಪಿಸಬೇಕಾಗಿ ಬಂದಾಗಲೇ ನಷ್ಟ.

ಊರ ಹೊರಗಿನ ಹೆದ್ದಾರಿಯಲ್ಲಿ ಬ್ರೇಕಿನ ಪಾತ್ರ ಕಡಮೆಯಾಗಿ ಗಾಳಿಯ ಪಾತ್ರ ಹೆಚ್ಚುತ್ತದೆ. ಗಾಳಿಯ ತಡೆಯೂ ವೇಗದ ವರ್ಗವನ್ನೇ ಅನುಸರಿಸುವಂಥದು. ನಾವು ಮೇಲೆ ಹೇಳಿದ ಕಾರಿನಂಥ ಸಣ್ಣ ಕಾರಿಗೆ ಟೈರಿನ ತಡೆ ಸುಮಾರು 120 ನ್ಯೂಟನ್. ಅದು ವೇಗದೊಡನೆ ಹೆಚ್ಚು ಬದಲಾಗುವುದಿಲ್ಲ. 60 ಕಿಲೋಮೀಟರು ವೇಗದಲ್ಲಿ ಗಾಳಿಯ ತಡೆಯೂ ಅಷ್ಟೇ ಇರುತ್ತದೆ. 100ರಲ್ಲಿ ಗಾಳಿಯ ತಡೆ 320 ನ್ಯೂಟನ್ನಿಗೂ, 120ರಲ್ಲಿ 470ರ ಸಮೀಪಕ್ಕೂ ಏರುತ್ತದೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ತೆಗೆದುಕೊಳ್ಳಿ. ಅದರ ಉದ್ದ ಸುಮಾರು 118 ಕಿಲೋಮೀಟರು. ಕಾರುಗಳಿಗೆ ವಿಧಿಸಿರುವ ಮಿತಿ ಗಂಟೆಗೆ 100 ಕಿಲೋಮೀಟರು. ಈ ಮಿತಿಯನ್ನು ಉಲ್ಲಂಘಿಸಿ 120ರಲ್ಲಿ ಉದ್ದಕ್ಕೂ ಹೋದವನು ಉಳಿಸುವ ಕಾಲ 12 ನಿಮಿಷ. ಅದಕ್ಕಾಗಿ ಅವನ ಇಂಜಿನು ಪ್ರತಿ ಕಿಲೋಮೀಟರಿನಲ್ಲಿಯೂ ಮೂರನೆಯ ಒಂದು ಭಾಗದಷ್ಟು ಹೆಚ್ಚು ಕೆಲಸ ಮಾಡಬೇಕು. ಹೊರೆ ಹೆಚ್ಚಿದಾಗ ಇಂಜಿನಿನ ದಕ್ಷತೆ ಕೊಂಚ ಸುಧಾರಿಸುವುದರಿಂದ ಪೆಟ್ರೋಲಿನ ಖರ್ಚು ಪೂರ್ತಿ ಅಷ್ಟೇ ಪ್ರಮಾಣದಲ್ಲಿ ಏರಲಾರದೆಂಬುದನ್ನೂ ಹೇಳಬೇಕು. ಆದರೂ ಆ 12 ನಿಮಿಷಗಳು ಮೈಸೂರಿನಲ್ಲಿ ವಾಹನ ನಿಲ್ಲಿಸಲು ಜಾಗ ಹುಡುಕುವುದರಲ್ಲಿಯೇ ಕಳೆದುಹೋಗುವುದನ್ನು ಯಾರು ಕಂಡಿಲ್ಲ? ಅಮೆರಿಕದಂಥ ಶ್ರೀಮಂತ ದೇಶವೇ ತೈಲದ ಮುಗ್ಗಟ್ಟಿನ ಕಾಲದಲ್ಲಿ, 1974ರಲ್ಲಿ, ಇಡೀ ರಾಷ್ಟ್ರಕ್ಕೆ ಗಂಟೆಗೆ 55 ಮೈಲಿಯ ಮಿತಿಯನ್ನು ವಿಧಿಸಿತು. ಅದು ಪೂರ್ತಿ ರದ್ದಾದುದು 1995ರಲ್ಲಿ. ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದು ಪಾಲಿಗಿಂತ ಹೆಚ್ಚನ್ನು ಹೊರದೇಶಗಳಿಂದ ತರಿಸಿಕೊಳ್ಳುವ ನಮ್ಮ ದೇಶಕ್ಕೆ ಈ ವಿಷಯದಲ್ಲಿ ಔದಾಸೀನ್ಯ ಒಪ್ಪುವುದಿಲ್ಲ.

ಮಿತವ್ಯಯದ ಹೆಸರಿನಲ್ಲಿ ನಡೆಯುತ್ತಿರುವ ಒಂದು ಅಪಾಯಕರವಾದ ಅಭ್ಯಾಸದ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಘಾಟಿಯ ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್ಲಿಗೆ ತಂದು, ಕೆಲವರು ಇಂಜಿನನ್ನೇ ಆರಿಸಿ, ವಾಹನವನ್ನು ಹಾಗೆಯೇ ಕೆಳಕ್ಕೆ ಬಿಡುತ್ತಾರೆ. ಹಿರಿಯ ಚಾಲಕರು ಕಿರಿಯರಿಗೆ ಗುಟ್ಟೆಂಬಂತೆ ಇದನ್ನು ಹೇಳಿಕೊಡುವುದೂ ಉಂಟು. ಕಾರ್ಬ್ಯುರೇಟರಿನ ಕಾಲದಲ್ಲಿ ಇದರಿಂದ ಪೆಟ್ರೋಲು ಉಳಿಯುತ್ತಿತ್ತೆಂಬುದು ನಿಜ. ಗೇರಿನಲ್ಲಿದ್ದ ಇಂಜಿನು ಇಳಿಜಾರಿನಲ್ಲಿಯೂ ಪೆಟ್ರೋಲನ್ನು ಹೀರುತ್ತಲೇ ಇತ್ತು. ಈಗಿನ ಇಂಜಿನುಗಳ ರಚನೆ ಬೇರೆ. ಇಂಧನವನ್ನು ಚಿಮ್ಮಿಸುವ ಇಂಜೆಕ್ಟರು ವಿದ್ಯುನ್ಮಾನ ನಿಯಂತ್ರಣಕ್ಕೆ ಒಳಪಟ್ಟಿದೆ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲನ್ನು ಪೂರ್ತಿ ತೆಗೆದರೆ, ಚಕ್ರಗಳೇ ಇಂಜಿನನ್ನು ತಿರುಗಿಸುತ್ತಿವೆಯೆಂದು ಅರಿತು ಅದು ಇಂಧನವನ್ನು ನಿಲ್ಲಿಸಿಬಿಡುತ್ತದೆ. ಆಗಿನ ಖರ್ಚು ಸೊನ್ನೆ. ನ್ಯೂಟ್ರಲ್ಲಿಗೆ ತಂದರೋ, ಚಕ್ರದ ಸಂಬಂಧ ಕಡಿದುಹೋದ ಇಂಜಿನು ಆರದೆ ಉಳಿಯಲು ನಿಮಿಷಕ್ಕೆ ಸುಮಾರು 10 ಮಿಲಿಲೀಟರು ಇಂಧನವನ್ನು ಬೇಡುತ್ತದೆ. ಎಂದರೆ ಉಳಿಸಲೆಂದು ಮಾಡಿದ ಉಪಾಯವೇ ಖರ್ಚನ್ನು ತರುತ್ತದೆ. ಬ್ರೇಕೇ ಬೇಡದ ಬಹು ಮಂದವಾದ ಇಳಿಜಾರಿನಲ್ಲಿ ನ್ಯೂಟ್ರಲ್ಲಿನ ಕಾರು ಹೆಚ್ಚು ದೂರ ಉರುಳುತ್ತದೆಂದು ವಾದಿಸಬಹುದು. ಘಾಟಿಗೆ ಆ ವಾದ ಸಲ್ಲುವುದಿಲ್ಲ.

ಪೆಟ್ರೋಲಿನ ಮಾತು ಹಾಗಿರಲಿ, ಶಾಖದ ಮಾತನ್ನು ನೋಡೋಣ. ಆಗುಂಬೆಯಿಂದ ಸೋಮೇಶ್ವರದ ಕಡೆಗೆ ಇಳಿಯುವ ರಸ್ತೆಯಲ್ಲಿ ಎತ್ತರದ ಇಳಿತ ಸುಮಾರು 500 ಮೀಟರು ಎಂದು ಇಟ್ಟುಕೊಳ್ಳೋಣ. ನಮ್ಮ ಸಾವಿರ ಕಿಲೋಗ್ರಾಂ ಕಾರು ಅಷ್ಟು ಇಳಿಯುವುದರಲ್ಲಿ ಕಳೆದುಕೊಳ್ಳುವ ಸ್ಥಾನಶಕ್ತಿ 49 ಲಕ್ಷ ಜೌಲ್. ಸಾಧಾರಣ ಉಷ್ಣತೆಯ ಹದಿನೈದು ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇದು ಸಾಕು. ಕಾರು ಗೇರಿನಲ್ಲಿದ್ದರೆ ಇದರ ಗಣನೀಯ ಭಾಗವನ್ನು ಇಂಜಿನು ತನ್ನ ಮೇಲೆ ಹಾಕಿಕೊಳ್ಳುತ್ತದೆ. ನ್ಯೂಟ್ರಲ್ಲಿನಲ್ಲಿದ್ದರೆ ಗಾಳಿಯೂ ಟೈರೂ ಹೊತ್ತುಕೊಂಡಷ್ಟನ್ನು ಬಿಟ್ಟು ಮಿಕ್ಕುದೆಲ್ಲ ನಾಲ್ಕು ಬ್ರೇಕುಗಳ ಮೇಲೆ ಬೀಳಬೇಕು. ಬ್ರೇಕು ಮಿತಿಮೀರಿ ಕಾದರೆ ಅದರ ಹಿಡಿತ ಸಡಿಲುತ್ತದೆ. ಬ್ರೇಕಿನ ದ್ರವವೇ ಕುದಿದು ಆವಿಯಾದರೆ ಪೆಡಲು ಮೆತ್ತಗೆ ಕೆಳಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಇಂಜಿನನ್ನು ಆರಿಸಿದವನ ಸ್ಥಿತಿ ಇನ್ನೂ ಕಷ್ಟ. ನಮ್ಮ ಕಾಲಿನ ಒತ್ತನ್ನು ಹೆಚ್ಚಿಸಿಕೊಡುವ ನಿರ್ವಾತದ ಸಹಾಯ ಎರಡು ಮೂರು ಸಲ ಒತ್ತುವುದರೊಳಗಾಗಿ ಮುಗಿದುಹೋಗಿ ಪೆಡಲು ಕಲ್ಲಿನಂತಾಗುತ್ತದೆ, ಸ್ಟೀರಿಂಗೂ ಬಿಗಿಯಾಗುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಘಾಟಿಯಲ್ಲಿ ಇಂಥ ಸ್ಥಿತಿಯನ್ನು ತಾನಾಗಿ ತಂದುಕೊಳ್ಳುವುದು ಎಲ್ಲಿಯ ಜಾಣತನ? ಯಾವ ಗೇರಿನಲ್ಲಿ ಹತ್ತಬೇಕೋ ಆ ಗೇರಿನಲ್ಲೇ ಇಳಿಯಬೇಕೆಂದು ಹಳೆಯ ಲಾರಿ ಚಾಲಕರು ಹೇಳುವ ಮಾತಿನಲ್ಲಿ ಒಳ್ಳೆಯ ಭೌತವಿಜ್ಞಾನವಿದೆ.

ಟೈರಿನಲ್ಲಿ ಗಾಳಿ ಕಡಮೆಯಿರುವುದು, ನಿಂತಲ್ಲಿ ಇಂಜಿನನ್ನು ಉರಿಸುತ್ತಿರುವುದು ಮೊದಲಾದುವನ್ನು ಬಂಕಿನ ಗೋಡೆಗಳ ಮೇಲೆಯೇ ಬರೆದಿರುತ್ತಾರೆ. ಅವನ್ನು ಇಲ್ಲಿ ಬೆಳೆಸುವುದಿಲ್ಲ.

"ಇದೆಲ್ಲ ಪುಸ್ತಕದ ಮಾತು, ಬೆಂಗಳೂರಿನ ರಸ್ತೆಯಲ್ಲಿ ಮುಂದೆ ಜಾಗ ಬಿಟ್ಟರೆ ಮರುಕ್ಷಣ ಅಲ್ಲೊಂದು ಬೈಕು ಬಂದು ತುಂಬುತ್ತದೆ" ಎಂದು ಆಕ್ಷೇಪಿಸುವವರು ಇದ್ದಾರೆ. ಬೈಕು ಬಂದು ತುಂಬುವುದು ನಿಜ. ಬಂದರೆ ನಮಗಾಗುವ ನಷ್ಟ ಎರಡು ಮೀಟರು ಹಾದಿ. ಎಂದರೆ ಒಂದು ಸೆಕೆಂಡೂ ಅಲ್ಲ. ಆ ಜಾಗವನ್ನು ಬಿಟ್ಟುಕೊಡಲಾರದೆ ಮುಂದಿನ ವಾಹನದ ಬೆನ್ನಿಗೆ ಅಂಟಿಕೊಂಡು ಹೋಗುವವನು ಅದು ಬ್ರೇಕು ಹಾಕಿದಾಗಲೆಲ್ಲ ತಾನೂ ಹಾಕಬೇಕು, ಅವನ ಹಿಂದಿನವನೂ ಹಾಕಬೇಕು. ಒಬ್ಬನ ಆತುರದ ಬೆಲೆಯನ್ನು ಹಿಂದಿನ ಹತ್ತು ಮಂದಿ ತೆರುವಂತಾಗುತ್ತದೆ. ವಿದ್ಯುತ್ ವಾಹನಗಳು ಬಂದಮೇಲೆ ಈ ಚಿಂತೆಯೇ ಇರದೆಂದು ಇನ್ನು ಕೆಲವರ ಮತ. ಅವು ನಿಧಾನಿಸುವಾಗ ಮೋಟಾರನ್ನೇ ಡೈನಮೊ ಮಾಡಿಕೊಂಡು ಚಲನಶಕ್ತಿಯ ಒಂದು ಭಾಗವನ್ನು ಬ್ಯಾಟರಿಗೆ ಹಿಂದಿರುಗಿಸುತ್ತವೆ; ಪೂರ್ತಿಯನ್ನಲ್ಲ. ಗಾಳಿಯಂತೂ ಅವುಗಳಿಗೆ ಯಾವ ರಿಯಾಯಿತಿಯನ್ನೂ ತೋರಿಸುವುದಿಲ್ಲ.

ಇದರ ಬೆಲೆ ಚೆನ್ನಾಗಿ ಗೊತ್ತಿರುವವರು ಸಾರಿಗೆ ನಿಗಮದ ಬಸ್ಸು ಚಾಲಕರು. ಡಿಪೋಗಳಲ್ಲಿ 'ಕೆ.ಎಂ.ಪಿ.ಎಲ್.' ಎಂಬ ಮಾತು, ಎಂದರೆ ಲೀಟರಿಗೆ ಎಷ್ಟು ಕಿಲೋಮೀಟರು ಎಂಬ ಲೆಕ್ಕ, ಅವರಿಗೆ ದಿನನಿತ್ಯದ್ದು. ಬಾಡಿಗೆ ಕಾರಿನವರಿಗೂ ಆಟೋದವರಿಗೂ ಅದು ಸಂಜೆ ಮನೆಗೆ ಒಯ್ಯುವ ಹಣದ ಪ್ರಶ್ನೆ. ಇಂಧನದ ಉಳಿತಾಯವನ್ನು ಪ್ರಚಾರಮಾಡಲು ಕೇಂದ್ರ ಸರ್ಕಾರ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಸ್ಥೆಯನ್ನು 1978ರಲ್ಲಿಯೇ ಸ್ಥಾಪಿಸಿತು. ಭಿತ್ತಿಪತ್ರಗಳಿಂದ ಅಭ್ಯಾಸ ಹುಟ್ಟುವುದಿಲ್ಲವೆಂಬುದು ನಮ್ಮ ಅನುಭವ. ಪರೀಕ್ಷೆಗೆ ಬರುವ ಪಾಠವನ್ನು ವಿದ್ಯಾರ್ಥಿಗಳು ಹೇಗೆ ಓದುತ್ತಾರೆ, ಬಾರದ ಪಾಠವನ್ನು ಹೇಗೆ ಓದುತ್ತಾರೆ ಎಂಬುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಾಲನಾ ಪರವಾನಗಿಯ ಪರೀಕ್ಷೆಯಲ್ಲಿ ಮಿತವ್ಯಯದ ಚಾಲನೆಯನ್ನೂ ಪರಿಶೀಲಿಸಬೇಕೆಂದು ಐರೋಪ್ಯ ಒಕ್ಕೂಟ ತನ್ನ 2006ರ ನಿರ್ದೇಶದಲ್ಲಿಯೇ ಹೇಳಿದೆ. ನಮ್ಮಲ್ಲಿ ಸ್ಕೂಟರಿನವರು ಎಂಟರ ಆಕಾರವನ್ನೂ ಕಾರಿನವರು ಇಂಗ್ಲಿಷಿನ ಎಚ್ ಅಕ್ಷರವನ್ನೂ ನೆಲದ ಮೇಲೆ ಬರೆದು ತೋರಿಸಿದರೆ ಬಹುಮಟ್ಟಿಗೆ ಪರೀಕ್ಷೆ ಮುಗಿಯುತ್ತದೆ. ಅಕ್ಷರ ಚೆನ್ನಾಗಿ ಬರೆದವನು ರಸ್ತೆಯಲ್ಲಿ ಮುನ್ನೂರು ಮೀಟರು ಮುಂದಕ್ಕೆ ನೋಡುತ್ತಾನೆಯೇ ಎಂಬುದು ಇದರಿಂದ ತಿಳಿಯುವಂತಿಲ್ಲ.

ಇದಕ್ಕೆ ಹೊಸ ಯಂತ್ರವೇನೂ ಬೇಕಾಗಿಲ್ಲ. ಅಭ್ಯರ್ಥಿಯನ್ನು ನಿಜವಾದ ರಸ್ತೆಯಲ್ಲಿ ಐದು ಕಿಲೋಮೀಟರು ಓಡಿಸಲು ಹೇಳಿ, ಪಕ್ಕದಲ್ಲಿ ಕುಳಿತ ಪರೀಕ್ಷಕರು ಬ್ರೇಕು ಬಿದ್ದಾಗಲೆಲ್ಲ ಒಂದು ಗೀಟು ಹಾಕಿಕೊಳ್ಳಲಿ. ಆಮೇಲೆ ಒಂದೊಂದು ಗೀಟನ್ನೂ ತೋರಿಸಿ, ಇದು ರಸ್ತೆ ಬೇಡಿದ ಬ್ರೇಕೋ ನೀನು ಮೊದಲೇ ನೋಡದೆ ತಂದುಕೊಂಡದ್ದೋ ಎಂದು ಕೇಳಲಿ. ಬೇಕಾದಲ್ಲಿ ಬ್ರೇಕು ಹಾಕದವನನ್ನು ಅಲ್ಲಿಯೇ ಇಳಿಸಿ ಕಳುಹಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.