ಕನ್ನಡ ಶಾಲೆಯ ವಯರಿಂಗ್ ಯಾರ ಹೊಣೆ?

ಹೆತ್ತವರೇ,

2025ರ ಜುಲೈ 17ರಂದು ಕೇರಳದ ಕೊಲ್ಲಂ ಜಿಲ್ಲೆಯ ತೇವಲಕ್ಕರದ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಕರೆಂಟು ಹೊಡೆದು ಸತ್ತ. ಸೈಕಲ್ ಶೆಡ್ಡಿನ ಮಾಡಿನ ಮೇಲೆ ಬಿದ್ದ ಚಪ್ಪಲಿ ತೆಗೆಯಲು ಹತ್ತಿದ್ದ. ಕೈಗೆಟುಕುವಷ್ಟು ತಗ್ಗಿನಲ್ಲಿ ಲೈನು ಹಾದಿತ್ತು. ಆ ಲೈನು ರಾತ್ರಿ ಬೆಳಗಾಗುವುದರೊಳಗೆ ಬಂದದ್ದಲ್ಲ!

ಅದು ಕನ್ನಡ ಶಾಲೆಯಲ್ಲ, ನಿಜ. ಆದರೆ ನಮ್ಮ ಶಾಲೆಗಳ ಸ್ಥಿತಿ ಏನು? ಎರಡು ಬಲ್ಬು, ಒಂದು ಫ್ಯಾನಿಗೆಂದು ಎಳೆದ ಹಳೆಯ ವಯರಿನ ಮೇಲೆ ಕಂಪ್ಯೂಟರ್, ಪ್ರೊಜೆಕ್ಟರ್, ಪಂಪು ಎಲ್ಲದರ ಹೊರೆ ಹೇರಿದ ಕಟ್ಟಡಗಳು ಎಷ್ಟಿಲ್ಲ? ಕೇಳಿದರೆ "ಎಂ.ಸಿ.ಬಿ. ಇದೆಯಲ್ಲ" ಎಂಬ ಉತ್ತರ. ಎಂ.ಸಿ.ಬಿ. ಕಾಯುವುದು ವಯರನ್ನು, ಮಗುವನ್ನಲ್ಲ. ಮಗುವಿನ ಮೈಯಿಂದ ಕರೆಂಟು ನೆಲಕ್ಕೆ ಹರಿದಾಗ ಕ್ಷಣದಲ್ಲಿ ಲೈನು ಕಡಿಯುವುದು 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಅದರ ಜೊತೆಗೆ ಸರಿಯಾದ ಅರ್ತಿಂಗ್ ಬೇಕು.

1956ರ ವಿದ್ಯುತ್ ನಿಯಮಗಳ ಕಾಲ ಮುಗಿದಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದು, 2023ರಲ್ಲಿ ಮತ್ತೆ ಹೊಸದಾದವು. ವಯರಿಂಗಿನ ಭಾರತೀಯ ಮಾನಕ ಐ.ಎಸ್. 732 ಕೂಡ 2019ರಲ್ಲಿ ಪರಿಷ್ಕೃತವಾಯಿತು. ಸುರಕ್ಷಿತ ಶಾಲೆ ಶಿಕ್ಷಣದ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2009ರಲ್ಲೇ ಹೇಳಿದೆ.

"ದೂರು ಕೊಟ್ಟರೆ ಇರುವ ಕನ್ನಡ ಶಾಲೆಯನ್ನೂ ಮುಚ್ಚಿಯಾರು" ಎಂದು ನಮ್ಮವರೇ ಹೆದರುತ್ತಾರೆ. ಇದು ತಿರುಗುಮುರುಗು ಮಾತು. ಶಾಲೆ ಮುಚ್ಚುವುದು ಮಕ್ಕಳಿಲ್ಲದೆ. ಗೋಡೆ ಮುಟ್ಟಿದರೆ ಜುಮ್ಮೆನ್ನುವ ಶಾಲೆಗೆ ಯಾವ ತಾಯಿ ಮಗುವನ್ನು ಕಳಿಸುತ್ತಾಳೆ? ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಬೇಕೆನ್ನುತ್ತದೆ ಸಂವಿಧಾನದ 350ಎ ವಿಧಿ. ಸೌಲಭ್ಯವೆಂದರೆ ಮಾಸ್ತರರು, ಪಠ್ಯಪುಸ್ತಕ ಮಾತ್ರವೇ? ಜೀವ ಉಳಿಯುವ ಕೊಠಡಿ ಅಲ್ಲವೇ?

ಮುಂದಿನ ಪೋಷಕರ ಸಭೆಯಲ್ಲಿ ಕೇಳಿ: ವಯರಿಂಗ್ ಕೊನೆಯ ಬಾರಿ ಪರೀಕ್ಷೆಯಾದದ್ದು ಯಾವಾಗ? ಕೆಲಸ ಮಾಡಿದವರಿಗೆ ಲೈಸೆನ್ಸ್ ಇದೆಯೇ? ಅರ್ತಿಂಗ್ ಅಳೆದ ಲೆಕ್ಕ ಎಲ್ಲಿದೆ? ಆರ್.ಸಿ.ಸಿ.ಬಿ.ಯ ಟೆಸ್ಟ್ ಗುಂಡಿ ಒತ್ತಿ ತೋರಿಸುತ್ತೀರಾ?

ಉತ್ತರ ಬಾರದಿದ್ದರೆ ಅರ್ಜಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಕಾಸರಗೋಡಿನ ಕನ್ನಡ ಅಲ್ಪಸಂಖ್ಯಾತ ಪ್ರದೇಶದವರಿಗೆ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಸೊಲ್ಲಾಪುರ, ಆದವಾನಿ, ತಾಳವಾಡಿಯ ಬಂಧುಗಳು ಅಹವಾಲು ಸಲ್ಲಿಸಲು 350ನೆಯ ವಿಧಿಯನ್ನು ನೆನಪಿಸಲಿ.

ಭಾಷೆ ಉಳಿಯಬೇಕಾದರೆ ಮೊದಲು ಮಕ್ಕಳು ಉಳಿಯಬೇಕು. ಸುಮ್ಮನಿದ್ದರೆ ತಪ್ಪು ಸರಕಾರದ್ದು ಮಾತ್ರವಲ್ಲ, ನಮ್ಮದೂ ಹೌದು.