ಕೆರೆಯಂಗಳದ ಕಟ್ಟಡಗಳು: ತಡೆಯುವ ಅಧಿಕಾರ ಎಚ್ಚರಗೊಳ್ಳಬೇಕಾದುದು ಯಾವಾಗ?

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದು ಹೈದರಾಬಾದಿನಲ್ಲಿ ಸಹಸ್ರಾರು ಜೀವಗಳನ್ನು ಬಲಿ ತೆಗೆದುಕೊಂಡಿತು. ಮರುವರ್ಷ ನಿಜಾಮ ಸರ್ಕಾರದ ಕರೆಯ ಮೇರೆಗೆ ಬಂದ ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ನಿರ್ಮಿಸಬೇಕೆಂದು ಸಲಹೆ ನೀಡಿದರು. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. ನೀರಿಗೆ ನಿಲ್ಲಲು ಸ್ಥಳ ಬಿಡಬೇಕು, ಇಲ್ಲವಾದರೆ ಅದು ತಾನೇ ಸ್ಥಳ ಮಾಡಿಕೊಳ್ಳುತ್ತದೆ ಎಂಬುದು ಆ ಯೋಜನೆಯ ಸಾರ. ನಗರ ಅದನ್ನು ಮರೆಯಿತು. 2020ರ ಅಕ್ಟೋಬರ್ ಮಳೆಯಲ್ಲಿ ಮೆಹದಿಪಟ್ಟಣಂಗೆ ಸಮೀಪದ ಟೋಲಿಚೌಕಿಯ ನದೀಂ ಕಾಲೊನಿ ಜಲಾವೃತವಾಯಿತು. 2025ರ ಸೆಪ್ಟೆಂಬರ್ ಕೊನೆಯಲ್ಲಿ, ಬೀದರ್, ಕಲಬುರಗಿಗಳಿಗೆ ನಾವು ಬಸ್ಸು ಹಿಡಿಯುವ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೇ ಮೂಸಿ ನುಗ್ಗಿತು.

ಈ ಹಿನ್ನೆಲೆಯಲ್ಲಿ, ಜನರಿಗೆ ಕೇಡು ತರುವ ಕಟ್ಟಡವನ್ನು ತಡೆಯಲು ನಗರಕ್ಕಿರುವ ಅಧಿಕಾರವೇನು ಎಂಬ ಪ್ರಶ್ನೆ ಮಹತ್ವ ಪಡೆಯುತ್ತದೆ. ಅಧಿಕಾರಕ್ಕೆ ಕೊರತೆಯೇನೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಂತೆಯೇ, ಸಾರ್ವಜನಿಕ ಉಪದ್ರವವನ್ನು ನಿವಾರಿಸುವಂತೆ ಆದೇಶಿಸುವ ಅಧಿಕಾರವನ್ನು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ನೀಡಿದೆ. ಪುರಸಭೆಯೇ ತಪ್ಪಿತಸ್ಥನಾದರೂ ಈ ಕಲಮು ಅದಕ್ಕೆ ಅನ್ವಯಿಸುತ್ತದೆ, ಹಣವಿಲ್ಲವೆಂಬ ನೆಪ ಸಲ್ಲದು ಎಂದು 1980ರ ರತ್ಲಾಂ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪಿತ್ತರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಕಲಮಿನಂತೆ, ಸ್ವತಃ ಹಾನಿಯಾಗದಿದ್ದರೂ ಇಬ್ಬರು ನಾಗರಿಕರು ಕೂಡಿ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು. ಇನ್ನು ಕಟ್ಟಡ ನಿಯಮಗಳನ್ನು ನೋಡುವುದಾದರೆ, 2012ರ ನಿಯಮಾವಳಿಯ ಪ್ರಕಾರ ಕೆರೆಯ ಪೂರ್ಣ ಜಲಮಟ್ಟದೊಳಗೆ, ಅಂದರೆ ಎಲ್ಲರ ಬಾಯಲ್ಲಿರುವ ಎಫ್‌ಟಿಎಲ್ ಒಳಗೆ, ಕಟ್ಟುವಂತಿಲ್ಲ. ಹತ್ತು ಹೆಕ್ಟೇರಿಗಿಂತ ದೊಡ್ಡ ಕೆರೆಯಾದರೆ ಅದರಾಚೆ 30 ಮೀಟರ್, ಚಿಕ್ಕದಾದರೆ 9 ಮೀಟರ್ ಬಫರ್ ಬಿಡಬೇಕು.

ನ್ಯಾಯಾಲಯಗಳೂ ಈ ವಿಷಯದಲ್ಲಿ ಹಿಂಜರಿದಿಲ್ಲ. ನಮ್ಮ ಉಡುಪಿಯಲ್ಲಿ ವಸತಿ ಪ್ರದೇಶದ ಕಲ್ಯಾಣ ಮಂಟಪವೊಂದನ್ನು ಚಿತ್ರಮಂದಿರವಾಗಿಸಲು ಪುರಸಭೆ ಒಪ್ಪಿಗೆ ನೀಡಿದಾಗ, ನಿವಾಸಿಯೊಬ್ಬರು ಸುಪ್ರೀಂ ಕೋರ್ಟಿನವರೆಗೂ ಹೋದರು. ಯೋಜನೆಗೆ ವಿರುದ್ಧವಾಗಿ ಅನುಮತಿ ನೀಡುವ ಅಧಿಕಾರ ಪುರಸಭೆಗಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ನೆರೆಹೊರೆಯವರಿಗೆ ಇದೆ ಎಂದು 1974ರಲ್ಲಿ ನ್ಯಾಯಾಲಯ ಹೇಳಿತು. ಹೈದರಾಬಾದಿನ ಅವಳಿ ಜಲಾಶಯಗಳ ಹತ್ತು ಕಿಲೋಮೀಟರ್ ವ್ಯಾಪ್ತಿಯನ್ನು ಕಾಯಲು 1996ರಲ್ಲಿ ಹೊರಟ 111ನೇ ಸರ್ಕಾರಿ ಆದೇಶವನ್ನು ಮೀರಿ ಎಣ್ಣೆ ಕಾರ್ಖಾನೆಯೊಂದಕ್ಕೆ ವಿನಾಯಿತಿ ದೊರೆತಾಗ, 2000ದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನೂ ತಳ್ಳಿಹಾಕಿತು. ಆದರೆ 2022ರಲ್ಲಿ ಸರ್ಕಾರವೇ 69ನೇ ಆದೇಶದ ಮೂಲಕ ಆ ನಿರ್ಬಂಧಗಳನ್ನು ಸಡಿಲಿಸಿತೆಂಬುದು ವಿಷಾದದ ಸಂಗತಿ.

2024ರ ಜುಲೈನಲ್ಲಿ ಸ್ಥಾಪಿತವಾದ ಹೈಡ್ರಾ ಸಂಸ್ಥೆ ಇವೆಲ್ಲವನ್ನೂ ಮತ್ತೆ ಚರ್ಚೆಗೆ ತಂದಿತು. ಆಗಸ್ಟ್ 24ರಂದು ಮಾದಾಪುರದ ತಮ್ಮಿಡಿಕುಂಟ ಕೆರೆಯ ಬಳಿಯ ಎನ್ ಕನ್ವೆನ್ಷನ್ ಸಭಾಂಗಣ ಉರುಳಿತು. ಹೈಕೋರ್ಟಿನ ತಡೆಯಾಜ್ಞೆ ಬರುವ ಹೊತ್ತಿಗೆ ಕೆಡಹುವ ಕೆಲಸ ಬಹುಪಾಲು ಮುಗಿದಿತ್ತು. ಪ್ರಭಾವಶಾಲಿಗಳ ಕಟ್ಟಡಕ್ಕೂ ಕಾನೂನು ತಗಲುತ್ತದೆಂದು ಜನ ಹರ್ಷಪಟ್ಟುದು ಸಹಜವೇ. ಆದರೆ ಸೆಪ್ಟೆಂಬರಿನಲ್ಲಿ ಅಮೀನ್‌ಪುರದ ಭಾನುವಾರದ ನೆಲಸಮ ಕಾರ್ಯವನ್ನು ತೆಲಂಗಾಣ ಹೈಕೋರ್ಟು ತೀವ್ರವಾಗಿ ಪ್ರಶ್ನಿಸಿತು. ಜನರು ವಾಸಿಸುತ್ತಿರುವ ಮನೆಗಳನ್ನು ಕೆಡವುವುದಿಲ್ಲವೆಂದು ಹೈಡ್ರಾ ಆ ತಿಂಗಳಲ್ಲೇ ಹೇಳಬೇಕಾಯಿತು. 2024ರ ನವೆಂಬರ್ 13ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕೆಡಹುವ ಮುನ್ನ 15 ದಿನಗಳ ನೋಟಿಸ್ ಕಡ್ಡಾಯವೆಂದಿತು. ಆದರೆ ರಸ್ತೆ, ನದಿ, ಜಲಮೂಲಗಳಂತಹ ಸಾರ್ವಜನಿಕ ಸ್ಥಳಗಳನ್ನು ಈ ನಿರ್ದೇಶನಗಳಿಂದ ಹೊರಗಿರಿಸಿತು. ಪಟ್ಟಾ ಭೂಮಿಯೂ ಆಗಿದ್ದು ಕೆರೆಯ ಎಫ್‌ಟಿಎಲ್‌ಗೂ ಸೇರಿದ ಜಾಗ ಸಾರ್ವಜನಿಕ ಸ್ಥಳವೇ? ಮುಂದಿನ ವ್ಯಾಜ್ಯಗಳು ಹುಟ್ಟುವುದು ಈ ಸಂದಿನಲ್ಲೇ.

ಬ್ಯಾಂಕಿನಲ್ಲಿ ಗೃಹಸಾಲದ ಕಡತಗಳನ್ನು ನೋಡುತ್ತ ಬಂದಿರುವ ನಮಗೆ ಮತ್ತೊಂದು ಸಂಗತಿ ಕಾಣುತ್ತದೆ. ಋಣಭಾರ ಪ್ರಮಾಣಪತ್ರ ನಿರ್ಮಲವಾಗಿರುತ್ತದೆ, ನಕ್ಷೆಗೆ ಮಂಜೂರಾತಿ ಇರುತ್ತದೆ, ವಕೀಲರ ಅಭಿಪ್ರಾಯವೂ ಅನುಕೂಲವಾಗಿರುತ್ತದೆ. ಆದರೆ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆಂದು ಋಣಭಾರ ಪ್ರಮಾಣಪತ್ರ ಹೇಳುವುದಿಲ್ಲ. ಮಂಜೂರಾತಿ ಹೇಳಬೇಕಿತ್ತು, ಅದೂ ಎಷ್ಟೋ ವೇಳೆ ಹೇಳಿರುವುದಿಲ್ಲ. ಗೋಡೆ ಉರುಳಿದರೂ ಸಾಲದ ಕಂತು ನಿಲ್ಲುವುದಿಲ್ಲ. ಕಟ್ಟಿದವನು ಲಾಭ ಎಣಿಸಿಕೊಂಡು ಹೋಗಿರುತ್ತಾನೆ, ಮಂಜೂರು ಮಾಡಿದ ಅಧಿಕಾರಿ ವರ್ಗವಾಗಿರುತ್ತಾನೆ. ಉಳಿಯುವುದು ಜೀವಮಾನದ ಉಳಿತಾಯವನ್ನು ಸುರಿದ ಕುಟುಂಬ ಮಾತ್ರ.

ಆದ್ದರಿಂದ ಹೈಡ್ರಾ ಬೇಕೇ ಬೇಡವೇ ಎಂಬ ವಾದಕ್ಕಿಂತ, ಅಧಿಕಾರ ಯಾವ ಹಂತದಲ್ಲಿ ಎಚ್ಚರಗೊಳ್ಳಬೇಕು ಎಂಬುದೇ ಮುಖ್ಯವೆಂದು ನಾವು ಭಾವಿಸುತ್ತೇವೆ. ಅಡಿಪಾಯ ತೋಡುವಾಗ ತಡೆದರೆ ಅದು ರಕ್ಷಣೆ. ಗೃಹಪ್ರವೇಶವಾದ ಮೇಲೆ ಕೆಡವಿದರೆ ಶಿಕ್ಷೆ, ಅದೂ ಬಹುಮಟ್ಟಿಗೆ ನಿರಪರಾಧಿಗೆ. ಪ್ರತಿಯೊಂದು ಕೆರೆಯ ಎಲ್ಲೆಯನ್ನೂ ಅಂತಿಮವಾಗಿ ಅಧಿಸೂಚಿಸಿ ಗಡಿಕಲ್ಲು ನೆಡುವುದು, ಆ ಎಲ್ಲೆಯನ್ನು ನೋಂದಣಿ ಕಚೇರಿಯ ದಾಖಲೆಗೆ ಸೇರಿಸುವುದು, ತಪ್ಪು ಮಂಜೂರಾತಿ ನೀಡಿದವರನ್ನು ಹೊಣೆಗಾರರನ್ನಾಗಿಸುವುದು: ಈ ಮೂರೂ ಆಗದ ಹೊರತು ಬುಲ್ಡೋಜರ್ ಭಯವನ್ನಷ್ಟೇ ಬಿತ್ತೀತು.

ನಮ್ಮ ಕರ್ತವ್ಯವೂ ಇದೆ. ನಮ್ಮವರಲ್ಲಿ ಅನೇಕರು ಮಕ್ಕಳಿಗಾಗಿ ಹೊರವಲಯಗಳಲ್ಲಿ ಫ್ಲಾಟು ಕೊಳ್ಳುತ್ತಿದ್ದಾರೆ. ಮುಂಗಡ ಕೊಡುವ ಮುನ್ನ ಮಹಾನಗರ ಅಭಿವೃದ್ಧಿ ಪ್ರಾಧಿಕಾರ ಪ್ರಕಟಿಸಿರುವ ಕೆರೆ ನಕ್ಷೆಗಳನ್ನು ನೋಡಿ. ಒಂದು ಮಳೆಗಾಲದಲ್ಲಿ ಆ ಜಾಗಕ್ಕೆ ಹೋಗಿ ಬನ್ನಿ. ಸುತ್ತಲಿನ ಹಿರಿಯರನ್ನು ಕೇಳಿ. ನೆರೆಯ ಕೆರೆಯಂಗಳದಲ್ಲಿ ಮಣ್ಣು ತುಂಬುವುದನ್ನು ಕಂಡರೆ ಲಿಖಿತವಾಗಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕಾನೂನು ಇಬ್ಬರು ನಾಗರಿಕರನ್ನಷ್ಟೇ ಕೇಳುತ್ತದೆ. ಒಂದು ಕಾಲೊನಿಯಲ್ಲಿ ಇಬ್ಬರು ಸಿಗದಿರಲಾರರು.