ಇಂಬಳಕ್ಕೆ ಹೆದರಿದವರು ಉಣುಗನ್ನು ಮರೆತೆವು

ಮಳೆಗಾಲದಲ್ಲಿ ನಾವು ಐವರು ಗೆಳೆಯರು ತೀರ್ಥಹಳ್ಳಿ ಕಡೆಯ ರೂಮ್‌ಮೇಟ್ ಮನೆಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಎರಡು ಕೆಜಿ ಉಪ್ಪಿತ್ತು. ರೀಲ್ಸ್ ನೋಡಿ ನೋಡಿ ಇಂಬಳದ ಭಯ ಅಷ್ಟು ಹತ್ತಿತ್ತು. ದಾವಣಗೆರೆಯ ಬಿಸಿಲಲ್ಲಿ ಬೆಳೆದವನು ನಾನು.

ತೋಟದಾಚೆಯ ಹಳ್ಳ ದಾಟುವಷ್ಟರಲ್ಲಿ ಕಾಲಿಗೆ ನಾಲ್ಕು ಕಚ್ಚಿಕೊಂಡಿದ್ದವು. ನಾನು ಕಿರುಚಿದ್ದಕ್ಕೆ ಗದ್ದೆಯಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು. ಉಪ್ಪಿನ ಪ್ಯಾಕೆಟ್ ಬಿಚ್ಚುವ ಮೊದಲೇ ಗೆಳೆಯನ ಅಮ್ಮ ಬಂದು, ‘ಅದಕ್ಯಾಕೆ ಉಪ್ಪು ದಂಡ ಮಾಡ್ತಿ ಮಾರಾಯ’ ಎಂದು ಅದರ ಬಾಯಿಯ ಪಕ್ಕ ಉಗುರು ತೂರಿಸಿ ಬಿಡಿಸಿ ಎಸೆದರು. ರಕ್ತ ಮಾತ್ರ ನಿಲ್ಲಲೊಲ್ಲದು. ಅದರ ಜೊಲ್ಲಿನಲ್ಲಿರುವ ಹಿರುಡಿನ್ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ ಎಂದು ಬಿಎಸ್ಸಿ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದವನು ನಾನೇ. ಕಾಲಲ್ಲಿ ಹರಿಯುವಾಗ ಅದೆಲ್ಲ ಎಲ್ಲಿ ನೆನಪಾಗಬೇಕು! ಗಾಯ ತೊಳೆದೆ, ಅಲ್ಲಿಗೆ ಮುಗಿಯಿತು. ಎರಡು ದಿನ ತುರಿಸಿತು, ಅಷ್ಟೇ.

ಎಳ್ಳಮಾವಾಸ್ಯೆ ಜಾತ್ರೆಗೆ ಮತ್ತೆ ಹೋದೆವು. ಕಾಡು ಒಣಗಿತ್ತು, ಒಂದು ಇಂಬಳವೂ ಇಲ್ಲ. ಚಡ್ಡಿ, ಚಪ್ಪಲಿಯಲ್ಲೇ ಕಾನಿಗೆ ಹೊರಟೆವು. ಮಳೆಗಾಲದಲ್ಲಿ ನಕ್ಕಿದ್ದ ಅದೇ ಅಮ್ಮ ಈಗ ರೇಗಿದರು. ‘ಉಣುಗು ಹತ್ತೋ ಕಾಲ ಇದು. ಮಂಗನ ಕಾಯಿಲೆ ಅಂದ್ರೆ ಏನಂದ್ಕೊಂಡಿದೀರಿ?’

ಉಣುಗು ಎಂದರೆ ನಮ್ಮೂರ ಉಣ್ಣೆ. ದನದ ಮೈಮೇಲೆ ಕಾಣುವ ದಪ್ಪದ್ದಲ್ಲ, ಎಳ್ಳಿನ ಕಾಳಿಗಿಂತ ಚಿಕ್ಕ ಮರಿ. ಕಚ್ಚಿದರೆ ಗೊತ್ತೇ ಆಗುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಈ ಕಾಯಿಲೆ ಮೊದಲು ಪತ್ತೆಯಾಯಿತು. ಇದಕ್ಕೆಂದೇ ನಿರ್ದಿಷ್ಟ ಔಷಧ ಇವತ್ತಿಗೂ ಇಲ್ಲ. ಗೆಳೆಯನ ಚಿಕ್ಕಪ್ಪ ಕೆಲ ವರ್ಷಗಳ ಹಿಂದೆ ಜ್ವರ ಬಂದು ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರಂತೆ. ಅದೇ ಕಾನಿಗೆ ಹೋಗಿದ್ದ ಪಕ್ಕದ ಮನೆಯವರು ಬರಲಿಲ್ಲ. ಒಂದು ವರ್ಷ ರೂಮಲ್ಲಿ ಜೊತೆಗಿದ್ದೂ ಗೆಳೆಯ ಇದನ್ನು ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ, ಬಿಡಿ.

ನನ್ನ ತಕರಾರು ಇರುವುದು ನಮ್ಮ ಪ್ರವಾಸದ ತಯಾರಿಯ ಬಗ್ಗೆ. ಹೊಟ್ಟೆ ತುಂಬಿದರೆ ತಾನೇ ಉದುರಿ ಹೋಗುವ ಇಂಬಳಕ್ಕೆ ಉಪ್ಪು, ಸ್ಪ್ರೇ, ವಿಶೇಷ ಕಾಲುಚೀಲ. ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನ ಕಾಡಿಗೆ ನುಗ್ಗುವಾಗ ಮಾತ್ರ ಮೊಬೈಲ್ ಚಾರ್ಜರ್ ಒಂದಿದ್ದರೆ ಸಾಕು! ಸುತ್ತಮುತ್ತ ಮಂಗ ಸತ್ತಿದೆಯಾ ಎಂದು ಊರವರನ್ನು ಒಂದು ಮಾತು ಕೇಳಲು ಏನು ಕಷ್ಟ? ಸತ್ತಿದ್ದರೆ ಆ ಕಡೆ ಹೋಗಲೇಬಾರದು. ಹೋಗಲೇಬೇಕಾದರೆ ಮೈತುಂಬ ಬಟ್ಟೆ, ಉಣುಗು ಹತ್ತದಂತೆ ತಡೆಯುವ ಎಣ್ಣೆ. ಬಂದ ಕೂಡಲೇ ಬಿಸಿನೀರು, ಸೋಪಿನ ಸ್ನಾನ. ಹಾಕಿದ್ದ ಬಟ್ಟೆಯೂ ಬಿಸಿನೀರಿಗೆ.

ಅವತ್ತು ಕಾನಿಗೆ ಹೋಗದೆ ಜಾತ್ರೆಯಲ್ಲಿ ಸುತ್ತಿ ಬಂದೆವು. ಮರುದಿನ ಬೆಳಿಗ್ಗೆ ಏಳುವಷ್ಟರಲ್ಲಿ ಗೆಳೆಯನ ಅಮ್ಮ ಕೈಕಾಲಿಗೆ ಎಣ್ಣೆ ಹಚ್ಚಿಕೊಂಡು, ಬುಟ್ಟಿ ಹಿಡಿದು ದರಗು ತರಲು ಹೊರಟಿದ್ದರು. ಕೊಟ್ಟಿಗೆಗೆ ಹಾಸಲು ಒಣ ಎಲೆ ಬೇಕಲ್ಲ.